ದಾನಮ್ಮನ ಬಾಯಿ

೪ ಆಗಸ್ಟ್ ೨೦೨೫, ಸೋಮವಾರ

ಶ್ರಾವಣ ಸೋಮವಾರ. ಪೂಜಿ ಮುಗಿಸಿ ಕುಂತೇನಿ. ಬರಿಯಾಕ ಬ್ಯಾರೆ ವಹಿ ಸಿಗಲಿಲ್ಲ, ಸಾಲಿಯ ಹಳೇ ಪಾಠ ಟಿಪ್ಪಣಿ ವಹ್ಯಾಗ ಬರಿಯಾಕತ್ತೇನಿ. ಎಡಕ್ಕ "ಬೋಧನೆಯ ಉದ್ದೇಶ" ಅಂತ ಅಚ್ಚಾದ ಕಾಲಂ ಐತಿ. ಉದ್ದೇಶ ಏನೂ ಇಲ್ಲ, ಹೊಟ್ಟ್ಯಾಗಿಂದು ಹೊರಗ ಹಾಕೂದು ಅಷ್ಟ. ಹೋದ ವರ್ಷ ರಿಟೈರ್ ಆದ ಮ್ಯಾಲೆ ನನ್ನ ಮಾತು ಕೇಳಾಕ ಮಕ್ಕಳೂ ಇಲ್ಲ. ಇದ್ದಾಗೂ ಅವು ಏನು ಕೇಳತಿರಲಿಲ್ಲ ಬಿಡ್ರಿ. ಬನಶಂಕರಿ ಟೀಚರ್ ಪಿರಿಯಡ್ ಅಂದ್ರ ಹುಡುಗ್ರಿಗೆ ಸಂತಿ ಇದ್ದಂಗ.

ಮಗಳು ಶೀಲಾ ಇವತ್ತೂ ದವಾಖಾನಿಗೆ ಹೋಗಲಿಲ್ಲ. ಡಾಕ್ಟರಕಿ ಓದು ಮುಗದೈತಿ, ಇನ್ನ ಒಂದು ವರ್ಷ ಕಾಲೇಜಿನ ದವಾಖಾನ್ಯಾಗ ಕೆಲಸ ಮಾಡಿ ಕಲಿತ್ರ ಡಾಕ್ಟರ್ ಆಗಿಬಿಟ್ಟಂಗ. ಹೋದ ಗುರುವಾರ ತುರ್ತು ವಿಭಾಗದಾಗ ಆಕಿ ಪಾಳಿ ಇತ್ತು. ತುಳಸಿಗೇರಿ ಕಡಿಂದ ಎದಿನೋವು ಅಂತ ಒಬ್ಬ ಮುದುಕನ್ನ ಕರಕೊಂಡು ಟ್ರ್ಯಾಕ್ಟರ್ ತುಂಬ ಮಂದಿ ಬಂದಾರ. ಒಬ್ಬಾಂವ ಟೇಬಲ್ ಗುದ್ದಿ "ಏ ಹುಡುಗಿ, ದೊಡ್ಡ ಡಾಕ್ಟರ್‌ನ ಕರಿ" ಅಂದಾನ. ಉಳದಾವ್ರು ಒಮ್ಮೆಲೆ ಒದರ್ಯಾರ. ನನ್ನ ಮಗಳು ಸೂಜಿ ಕೈಯಾಗ ಹಿಡದು ಹಂಗ ನಿಂತುಬಿಟ್ಟಾಳ, ಬಾಯಿಂದ ಒಂದು ಮಾತು ಹೊಂಟಿಲ್ಲ. ಆಮ್ಯಾಲೆ ಹಾಸಿಗಿ ಬಟ್ಟಿ ಇಡೂ ಕೋಣ್ಯಾಗ ಹೋಗಿ ಚಿಲಕ ಹಾಕ್ಕೊಂಡು ಕುಂತಾಳ. ಮುದುಕನ್ನ ಇನ್ನೊಬ್ಬ ಡಾಕ್ಟರ್ ನೋಡಿದ್ರು, ಅಂವ ಎರಡ ದಿನದಾಗ ಆರಾಮಾಗಿ ಊರಿಗೆ ಹೋದ. ಆರಾಮ ಆಗದಾಕಿ ನಮ್ಮಾಕಿ.

"ಅವ್ವಾ, ನಾ ಡಾಕ್ಟರ್ ಆಗಾಕ ಲಾಯಕ್ ಇಲ್ಲ" ಅಂತ ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾಳ.

ನಮ್ಮ ಮನಿಯವ್ರ ಹೆಸರು ಶ್ರೀಶೈಲ. ಬಾಯಿಲೆ ಹೇಳಾಂಗಿಲ್ಲ, ಬರದ್ರ ಏನಾಗತೈತಿ. ಇವರು ಊಟಕ್ಕ ಕುಂತಾಗ ಅಂದ್ರು, "ಸಾಕು ಬಿಡು ಆ ಡಾಕ್ಟರಕಿ. ಹುನಗುಂದದ ವರ ಬಂದೈತಿ, ಹೂಂ ಅಂದುಬಿಡೂಣು." ನಾ ಏನಂದೆ? ಏನೂ ಅನ್ನಲಿಲ್ಲ. ಇವರು ದನಿ ಏರಿಸಿದ್ರ ನಾನೂ ಶೀಲಾನೂ ತಾಟು ನೋಡ್ಕೋತ ಉಣ್ತೇವಿ. ಆಕಿ ಸಣ್ಣಾಕಿ ಇದ್ದಾಗಿಂದ ಹಂಗ.

೭ ಆಗಸ್ಟ್, ಗುರುವಾರ

ಇವತ್ತು ಮಿಕ್ಸರ್ ಜೋಡಿ ಜಗಳಾತು. ಶೇಂಗಾ ಚಟ್ನಿ ಅರ್ಧಕ್ಕ ಬಂದಾಗ ನಿಂತುಬಿಡ್ತು. ಮನ್ಯಾಗ ಯಾರೂ ಇರಲಿಲ್ಲ. ಬಾಯಿಗೆ ಬಂದಂಗ ಬೈದೆ. "ಎಲಾ ಹಲ್ಕಟ್, ತಿನ್ನೂದು ಕರೆಂಟು, ಮಾಡೂದು ನಾಟಕ? ನಿನ್ನ ವಾರಂಟಿಗೆ ಬೆಂಕಿ ಹಚ್ಚಲಿ! ನಿನ್ನ ತಂದು ಕೊಟ್ಟಾಂವನ್ನ ಮೊದಲ ಹಿಡದು..." ತಂದು ಕೊಟ್ಟಾವ್ರು ಇವರ ಅಲ್ಲಾ, ಅಲ್ಲಿಗೆ ನಿಲ್ಲಿಸಿದೆ. ಮಿಕ್ಸರ್ ಚಾಲೂ ಆತು.

ಹಿತ್ತಲ ಕಂಪೌಂಡಿನ ಮ್ಯಾಲಿಂದ ಒಂದು ತಲಿ ಕಾಣಿಸ್ತು. ಬಾಜೂ ಮನಿ ಪದ್ಮಜಾ. ಮೆಡಿಕಲ್ ಕಾಲೇಜಿನ್ಯಾಗ ಮನಸಿನ ಕಾಯಿಲೆ ವಿಭಾಗದಾಗ ಮಂದಿ ಜೋಡಿ ಮಾತಾಡಿ ಸಮಾಧಾನ ಮಾಡೂದು ಆಕಿ ಕೆಲಸ. ಕರಿಬೇವು ಕೇಳಾಕ ಬಂದಿದ್ಲಂತ.

"ಬನಶಂಕರಿಯವ್ರ, ಯಾರಿಗೆ ಬೈಲಿಕ್ಕೆ ಹತ್ತಿದ್ರಿ?"

"ಮಿಕ್ಸರಿಗ್ರಿ."

"ಮನಷ್ಯಾರಿಗೂ ಹಿಂಗ ಬೈತೀರೇನು?"

"ಅಯ್ಯ ಶಿವನ, ಎಲ್ಲೀದ್ರಿ!"

ಆಕಿ ಕಂಪೌಂಡ್ ಹಿಡಕೊಂಡು ನಗಾಕ ಶುರು ಮಾಡಿದ್ಲು. ನಕ್ಕು ಮುಗಿಸಿ ಏನಂದ್ಲು ಅಂದ್ರ, "ನಮ್ಮ ಕಾಲೇಜಿಗೆ ಖರೇನ ನಿಮ್ಮಂಥಾವ್ರು ಬೇಕಾಗ್ಯಾರ. ಸೋಮವಾರ ಬರ್ರಿ. ಬೈಯೂ ಕೆಲಸ ಅದ." ಬೈಯೂದಕ್ಕ ಯಾರರ ಕೆಲಸ ಕೊಡ್ತಾರೇನು! ಚಾಷ್ಟಿ ಮಾಡ್ತಾಳ.

೧೧ ಆಗಸ್ಟ್, ಸೋಮವಾರ

ಚಾಷ್ಟಿ ಅಲ್ಲ, ಖರೆ.

ಕಾಲೇಜಿನ ಮೂರನೇ ಮಾಳಿಗಿ ಮ್ಯಾಲೆ ಒಂದು ಕೋಣಿ. ಹೊಸ ಡಾಕ್ಟರ್‌ಗಳಿಗೆ ಒತ್ತಡ ತಡಕೊಳ್ಳೂದು ಕಲಿಸಾಕ ವಿಆರ್ ಅಂತ ಯಂತ್ರ ತರಿಸ್ಯಾರ. ಕಣ್ಣಿಗೆ ಕರೇ ಡಬ್ಬಿ ಕಟ್ಟತಾರ. ಕಟ್ಟಿಕೊಂಡ್ರ ಸಾಕು, ಕೋಣಿ ಮಾಯ, ಸುತ್ತಲೂ ದವಾಖಾನಿ. ಯಂತ್ರ ನೋಡಿಕೊಳ್ಳೂ ಅಕೀಲ ಅನ್ನೂ ಹುಡುಗ ನನಗೂ ಕಟ್ಟಿದ. ಮಂಚದ ಮ್ಯಾಲೆ ಪೇಶಂಟು ನರಳಾಕತ್ತೈತಿ, ಮಂದಿ ಓಡ್ಯಾಡಾಕತ್ತಾರ, ಒಬ್ಬ ನರ್ಸಬಾಯಿ ನನ್ನ ಮೈಮ್ಯಾಲೆ ಬಂದ್ಲು. "ಸರೀವಾ ತಂಗಿ" ಅಂತ ಬಾಜೂಕ ಸರದೆ, ಬಾಜೂಕ ಖರೇ ಗ್ವಾಡಿ ಇತ್ತು. ಮೊಣಕೈ ಕೆತ್ತಿ ಬಂದೈತಿ.

ಯಂತ್ರದಾಗ ಪೇಶಂಟಿನ ತಾಯಿ ಅಂತ ಒಬ್ಬ ಮುದುಕಿ ಅದಾಳ. ಇಳಕಲ್ ಸೀರಿ ಚಲೋ ಉಡಿಸ್ಯಾರ, ಆದ್ರ ಮಾತು ಮಾತ್ರ ಬೆಂಗಳೂರಾಗ ತುಂಬಿ ಕಳಿಸ್ಯಾರ. "ವೈದ್ಯರೇ, ನನ್ನ ಮಗನ ಆರೋಗ್ಯ ಹೇಗಿದೆ? ದಯವಿಟ್ಟು ತಿಳಿಸುವಿರಾ?" ಅಂತಾಳ. ನಾ ಫಕ್ಕನ ನಕ್ಕೆ. ಅಕೀಲ ಅಂದ, "ಎಲ್ಲಾರೂ ಹಿಂಗ ನಗ್ತಾರ ನೋಡ್ರಿ ಆಂಟಿ. ಒಬ್ಬ ಡಾಕ್ಟರಂದು ಎದಿಬಡಿತ ಅಳದ್ರ ಮಲಕೊಂಡಾಗಿಂತ ಕಡಿಮಿ ಬಂದಿತ್ತು."

ಅದಕ್ಕ ನಮ್ಮ ಕಡೆ ಬಾಯಿ ಬೇಕಂತ. ನಾ ಬಾಜೂ ಕೋಣ್ಯಾಗ ಮೈಕ್ ಹಿಡಕೊಂಡು ಕುಂಡ್ರೂದು. ಡಾಕ್ಟರ್ ಮಾಡೂದು ನನಗ ಪರದೆ ಮ್ಯಾಲೆ ಕಾಣತೈತಿ. ನಾ ಆಡಿದ ಮಾತನ್ನ ಕಂಪ್ಯೂಟರ್ ಮುದುಕಿ ದನಿ ಮಾಡಿ ಆಕಿ ಬಾಯಾಗ ಹಾಕತೈತಿ. ಮುದುಕಿಗೆ ದಾನಮ್ಮ ಅಂತ ನಾನ ಹೆಸರಿಟ್ಟೆ. ಬೈದು ಮುಗದ ಮ್ಯಾಲೆ ಒಂದು ಕಾಗದ ತುಂಬಬೇಕು. ಒಂದ ಪ್ರಶ್ನೆ: "ನಿಮ್ಮ ಮನೆಯವರನ್ನು ಈ ಡಾಕ್ಟರ ಕೈಯಲ್ಲಿ ಬಿಡುವಿರಾ?" "ಹೌದು" ಇಲ್ಲಾಂದ್ರ "ಇಲ್ಲ", ಎರಡರಾಗ ಒಂದು ಬರಿಯೂದು. ದಾನಮ್ಮನ ಒಳಗ ಯಾರದಾರ ಅನ್ನೂದನ್ನ ಡಾಕ್ಟರ್‌ಗಳಿಗೆ ಹೇಳಾಂಗಿಲ್ಲ, ಅದಕ್ಕ ಮನ್ಯಾಗೂ ಯಾರಿಗೂ ಹೇಳಿಲ್ಲ.

ಮೊದಲ ಸಿಕ್ಕಾಂವ ಮಿಲಿಂದ ಅನ್ನೂ ಹುಡುಗ. ನನ್ನ ಬಾಯಿಂದ ಪಿಸಿಪಿಸಿ ಅಷ್ಟ ಬರಾಕತ್ತು. ಅಕೀಲ ಕಿವ್ಯಾಗ ಅಂದ, "ಆಂಟಿ, ಅಂವ ಮಿಕ್ಸರ್ ಅಂತ ತಿಳ್ಕೋರಿ."

ತಿಳ್ಕೊಂಡೆ. "ಏ ತಮ್ಮಾ, ತಾಸಾತು ಬಂದು! ಯಾವೂರಾಂವ ನೀ? ಯಾರ ಮಗ? ಮುದುಕಿ ನಿಂತಾಳ, ಕುಂಡ್ರು ಅನ್ನಾಕ ಬರೂದಿಲ್ಲ? ನಿಮ್ಮವ್ವ ಏನ ಕಲಿಸ್ಯಾಳ ನಿನಗ?" ಅಂದೆ ನೋಡು, ಹುಡುಗ ದಾನಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಾಕ ಬಗ್ಗಿದ. ಅಲ್ಲಿ ಕಾಲು ಎಲ್ಲಿ ಬಂದ್ವು? ಖರೇ ಟೇಬಲ್ ಇತ್ತು. ಹಣಿ ಬುಗುಟಿ ಎದ್ದು ಅದಕ್ಕ ಐಸ್ ಹಚ್ಚಿದ್ರು. ಪಾಪ, ಚಲೋ ಮನಿತನದ ಹುಡುಗ. ಆದ್ರೂ "ಇಲ್ಲ" ಅಂತ ಬರದೆ.

೧೩ ಆಗಸ್ಟ್, ಬುಧವಾರ

ಪದ್ಮಜಾ ಬಂದಿದ್ಲು. ಶೀಲಾನ ಕೂಡ ಒಂದು ತಾಸು ಮಾತಾಡಿ ದವಾಖಾನಿಗೆ ಹೋಗೂಹಂಗ ಮಾಡ್ಯಾಳ. ಆದ್ರ ತುರ್ತು ವಿಭಾಗಕ್ಕ ಈಗ ಬ್ಯಾಡ, ಮೊದಲ ಐದು ಸಲ ಆ ಯಂತ್ರದಾಗ ಕುಂಡ್ರಬೇಕು. ಐದನೇದ್ದಕ್ಕ "ಹೌದು" ಬಂದ್ರ ವಾಪಸ್ ಪಾಳಿ. "ಇಲ್ಲ" ಬಂದ್ರ ಮೂರು ತಿಂಗಳು ಹಿಂದ ಬೀಳತಾಳ. ಶೀಲಾ ಅಂದ್ಲು, "ಇಲ್ಲ ಅಂತ ಬಂದ್ರ ನಾ ಬಿಟ್ಟಬಿಡ್ತೇನಿ ಮೇಡಮ್. ಹುನಗುಂದದಾವ್ರಿಗೆ ಹೂಂ ಅಂತೇನಿ."

ಅಡಗಿ ಮನ್ಯಾಗ ಬಂದು ಪದ್ಮಜಾ ಸಣ್ಣ ದನೀಲೆ ಕೇಳಿದ್ಲು, "ಬನಶಂಕರಿಯವ್ರ, ದಾನಮ್ಮ ನೀವು. ಸ್ವಂತ ಮಗಳು. ನೀವು ಬ್ಯಾಡ ಅಂದ್ರ ಬ್ಯಾರೆಯವ್ರನ್ನ ಹುಡುಕ್ತೀನಿ."

ನಾ ಅಂದೆ, "ನಾನ ಬೈತೇನ್ರಿ. ಮಂದಿ ಕೈಲೆ ಬೈಸಿಕೊಳ್ಳೂದಕ್ಕಿಂತ ನನ್ನ ಕೈಲೆ ಬೈಸಿಕೊಳ್ಳಲಿ."

"ಕಾಗದದಾಗ ಸುಳ್ಳು ಬರೀಬ್ಯಾಡ್ರಿ ಮತ್ತ. ಸುಳ್ಳು ಹೌದು ಬರದು ಕಳಿಸಿದ್ರ ಅಲ್ಲಿ ಖರೇ ಮಂದಿ ಕೈಯಾಗ ಸಿಗ್ತಾಳ ಆಕಿ."

"ಬರಿಯೂದಿಲ್ರಿ" ಅಂತ ಲಿಂಗ ಮುಟ್ಟಿ ಹೇಳೇನಿ.

೧೯ ಆಗಸ್ಟ್, ಮಂಗಳವಾರ

ಶೀಲಾಂದು ಮೊದಲನೇದ್ದು. ಪರದೆ ಮ್ಯಾಲೆ ಆಕಿ ಎದಿಬಡಿತದ ಗೆರಿ ಬದಾಮಿ ಗುಡ್ಡ ಆಗಿತ್ತು. "ಯಾರ ಮಗಳು ನೀ? ನಿಮ್ಮವ್ವ ಏನ ಕಲಿಸ್ಯಾಳ?" ಅಂದೆ. ಆಕಿ ಬಾಯಿ ಮುಚ್ಚಿ ನೆಲ ನೋಡಿದ್ಲು. ಮನ್ಯಾಗ ತಾಟು ನೋಡಿದಂಗ.

ಇಲ್ಲ ಅಂತ ಬರದೆ.

೨೨ ಆಗಸ್ಟ್, ಶುಕ್ರವಾರ

ಎರಡನೇದ್ದೂ ಇಲ್ಲ. ಇವತ್ತು ಒಂದು ಮಾತು ಆಡಿದ್ಲು, "ಸಾರಿ" ಅಂತ. ಅದನ್ನ ಒಂಬತ್ತು ಸಲ ಆಡಿದ್ಲು.

ಸಂಜಿಗೆ ನನ್ನ ಮುಂದ ಕುಂತು ಸಂಕಟ ತೋಡಿಕೊಂಡ್ಲು. "ಅವ್ವಾ, ಆ ದಾನಮ್ಮ ಅಂತ ಅದಾಳಲ್ಲ, ಎಂಥಾ ಕೆಟ್ಟ ಮುದುಕಿ ಅಂತೀ! ಬಾಯಲ್ಲ ಅದು, ಗಿರಣಿ. ಆಕಿ ಸೊಸೀನ ನೆನಸ್ಕೊಂಡ್ರ ಅಳೂ ಬರತೈತಿ."

ನನಗ ಸಿಟ್ಟು ಬಂತು. ಕೆಟ್ಟ ಮುದುಕಿ ಅಂತ! ಬಿಸಿಲಾಗ ಕಲಾದಗಿಯಿಂದ ಮಗನ್ನ ಹೊತಗೊಂಡು ಬಂದಾಳ, ಮುಂಜಾನಿಂದ ಹೊಟ್ಟಿಗೆ ಕೂಳಿಲ್ಲ, ಈ ಹುಡುಗಿ ಸಾರಿ ಸಾರಿ ಅನಕೋತ ನಿಂತ್ರ ಆಕಿ ಬೈಬಾರದೇನು? ಶೀಲಾನ ರೊಟ್ಟಿಗೆ ಬೆಣ್ಣಿ ಹಚ್ಚಲಿಲ್ಲ. ಆಮ್ಯಾಲೆ ತಪ್ಪು ಅನಿಸಿ ಎರಡನೇ ರೊಟ್ಟಿಗೆ ಜಾಸ್ತಿ ಹಚ್ಚಿದೆ.

"ಯಾವ ಮಾತಿಗೆ ಬಾಯಿ ಕಟ್ಟತೈತಿ ನಿಂಗ?" ಅಂತ ಸಹಜ ಕೇಳಿದಂಗ ಕೇಳಿದೆ.

"ನಿಮ್ಮವ್ವ ಏನ ಕಲಿಸ್ಯಾಳ ಅಂತಾಳಲ್ಲ, ಅದಕ್ಕ."

"ಬ್ಯಾರೆ ಹುಡುಗ್ರಿಗೂ ಹಂಗ ಅಂತಾಳೇನು?"

"ಎಲ್ಲಾರಿಗೂ ಅಂತಾಳ. ಮಿಲಿಂದ ಮನಿಗೆ ಹೋಗಿ ಅವರವ್ವನ ಕೂಡ ಜಗಳಾ ತಗದಾನಂತ, ನನಗ ಏನೂ ಕಲಿಸೇ ಇಲ್ಲ ನೀ ಅಂತ."

೩೦ ಆಗಸ್ಟ್, ಶನಿವಾರ

ಗಣಪತಿ ಹಬ್ಬದ ಗದ್ದಲದಾಗ ಬರಿಯಾಕ ಆಗಲಿಲ್ಲ. ಇವತ್ತು ಇಳಕಲ್ಲಿಗೆ ಹೋಗಿ ಬಂದೆ. ಹೋದ ತಿಂಗಳು ತಂದಿದ್ದ ಸೀರಿ ಸೆರಗು ಎರಡ ಸಲ ಉಡೂದ್ರಾಗ ಬಿಚ್ಚಿಕೊಂಡಿತ್ತು. ಅಂಗಡ್ಯಾಂವಗ ತೋರಿಸಿ ಒಂದೆರಡು ಮಾತು ಹೇಳಿದೆ ಅಷ್ಟ. ಅಂಗಡ್ಯಾಗಿನ ಮಂದಿ ಎಲ್ಲಾ ಯಾಕೋ ಈ ಕಡೆ ಹೊಳ್ಳಿ ನಿಂತ್ರು. ಅಂವ ತಾನ ಬ್ಯಾರೆ ಸೀರಿ ಕೊಟ್ಟು, ಚಾ ತರಿಸಿ, ಬಾಗಲ ತನಕ ಬಂದು ಕಳಿಸಿದ. ಮೊದಲ ಹೋದಾಗ ಮಾರಿ ಎತ್ತಿ ನೋಡಿರಲಿಲ್ಲ. ಮನಷ್ಯಾರು ಸುಧಾರಿಸ್ತಾರ.

ಬಸ್ಸಿನ್ಯಾಗೂ ಹಂಗ ಆತು. ಹುನಗುಂದ ಸ್ಟ್ಯಾಂಡಿನ್ಯಾಗ ಬಸರಿ ಹೆಣ್ಣುಮಗಳು ಹತ್ತಿದ್ಲು, ಒಬ್ಬಾಂವ ಸೀಟ್ ಬಿಡದ ಮೊಬೈಲ್ ನೋಡ್ಕೋತ ಕುಂತಿದ್ದ. ಕೇಳಿದೆ. ಅಂವ ಎದ್ದ. ಅಂವನ ಹಿಂದಿನ ಇಬ್ರೂ ಎದ್ರು, ಅವರಿಗೆ ನಾ ಏನೂ ಅಂದಿರಲಿಲ್ಲ.

ಇವರು ಯಾಕೋ ಇತ್ತಿತ್ಲಾಗ ಭಾಳ ಮೆತ್ತಗ ಆಗ್ಯಾರ. ಮನಿಗೆ ಬಂದಾಗ ಚಾ ಕೇಳಿದ್ರು. "ನಾ ಈಗ ಬಂದೇನ್ರಿ, ಸಕ್ಕರಿ ಡಬ್ಬಿ ಮ್ಯಾಲಿನ ಖಾನ್ಯಾಗ ಐತಿ" ಅಂದೆ. ಸುಮ್ಮನ ಒಳಗ ಹೋಗಿ ಚಾ ಮಾಡಿ ನನಗೂ ಒಂದು ಕಪ್ಪು ತಂದ್ರು. ಬಿಪಿ ತೋರಿಸಬೇಕು ಇವರದು.

೨ ಸೆಪ್ಟೆಂಬರ್, ಮಂಗಳವಾರ

ಶೀಲಾಂದು ಮೂರನೇದ್ದು. "ನಿಮ್ಮವ್ವ ಏನ ಕಲಿಸ್ಯಾಳ ನಿನಗ?" ಅಂದೆ.

ಆಕಿ ಈ ಸಲ ಉತ್ತರ ಕೊಟ್ಲು. "ಸುಮ್ಮನಿರೂದು ಕಲಿಸ್ಯಾಳ್ರಿ. ಅದಕ್ಕ ಸುಮ್ಮನ ನಿಂತೇನಿ. ಬೈರಿ."

ಇಲ್ಲ ಅಂತ ಬರದು ಹೊರಗ ಬಂದೆ. ಅಕೀಲ "ಆಂಟಿ, ಮಜ್ಜಿಗಿ ತರಲೇನು?" ಅಂತ ಕೇಳಿದ. ಬ್ಯಾಡ ಅಂದೆ.

೩ ಸೆಪ್ಟೆಂಬರ್

ಬೈಯಾಕ ಹೋಗಲಿಲ್ಲ. ಗಂಟಲು ನೋವು ಅಂತ ಹೇಳಿ ಕಳಿಸಿದೆ.

೫ ಸೆಪ್ಟೆಂಬರ್, ಶುಕ್ರವಾರ

ಶಿಕ್ಷಕರ ದಿನ. ಹಳೇ ವಿದ್ಯಾರ್ಥಿ ಒಬ್ಬಾಂವ ಫೋನ್ ಮಾಡಿ "ಟೀಚರ್, ನೀವು ಒಮ್ಮೆನೂ ಹೊಡದಿಲ್ಲ, ಬೈದಿಲ್ಲ" ಅಂದ. ಹೊಗಳಿದ್ನೋ ಏನು ಮಾಡಿದ್ನೋ.

ಮೂರು ದಿನಾತು, ಶೀಲಾ ದಾನಮ್ಮಗ ಅಂದ ಮಾತ ತಲ್ಯಾಗ ಐತಿ. ಹೌದು, ನಾನ ಕಲಿಸೇನಿ. ಆಕಿ ಐದು ವರ್ಷದಾಕಿ ಇದ್ದಾಗ ಇವರು ಯಾವುದಕ್ಕೋ ಒದರಿದಾಗ ಆಕಿ ಬಾಯಿ ಮ್ಯಾಲೆ ನಾ ಕೈ ಇಟ್ಟಿದ್ದೆ, ಮಾತಾಡಬ್ಯಾಡ ಅಂತ. ಎಷ್ಟು ಸಲ ಇಟ್ಟೇನೋ ಲೆಕ್ಕ ಇಲ್ಲ. ಶಾಣ್ಯಾತನ ಅನಕೊಂಡಿದ್ದೆ ಅದನ್ನ.

ಸಂಜಿಗೆ ಊಟಕ್ಕ ಕುಂತಾಗ ಇವರು ಶುರು ಮಾಡಿದ್ರು, "ಹುನಗುಂದದಾವ್ರಿಗೆ ರವಿವಾರ ಬರ್ರಿ ಅಂತ ಹೇಳೇನಿ." ಶೀಲಾ ತಾಟು ನೋಡಿದ್ಲು. ನಾ ಪಲ್ಯದ ಬುಟ್ಟಿ ಕೆಳಗಿಟ್ಟು ಅಂದೆ, "ಬ್ಯಾಡ ಅಂತ ಹೇಳಿಬಿಡ್ರಿ. ಯಂತ್ರದ್ದು ಮುಗೀಲಿ. ಆಕಿ ಏನಂತಾಳ ಅದು ಆಗ್ಲಿ. ಅಲ್ಲಿ ತನಕ ಈ ಮನ್ಯಾಗ ವರನ ಸುದ್ದಿ ತಗದ್ರ ನಾ ರೊಟ್ಟಿ ಬಡಿಯೂದಿಲ್ಲ."

ಭಾಳ ಜೋರೇನೂ ಅನ್ನಲಿಲ್ಲ. ಪಲ್ಯಕ್ಕ ಉಪ್ಪು ಕಡಿಮಿ ಆಗಿತ್ತು, ಅದರ ಕಡೆ ಲಕ್ಷ್ಯ ಇತ್ತು. ಇವರು "ಹಂಗಾದ್ರ ಹಂಗ" ಅಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡ್ರು. ಶೀಲಾ ನನ್ನ ಮಾರಿ ನೋಡಾಕತ್ತಿದ್ಲು. ಹಣಿ ಮ್ಯಾಲೆ ಹಿಟ್ಟು ಹತ್ತೈತೇನೋ ಅಂತ ಸೆರಗಿಲೆ ಒರಸಿಕೊಂಡೆ.

೧೦ ಸೆಪ್ಟೆಂಬರ್, ಬುಧವಾರ

ನಾಕನೇದ್ದು. ಭಾರಿ ತಯಾರಾಗಿ ಬಂದಿದ್ಲು. ದಾನಮ್ಮ ಬಾಯಿ ತಗಿಯೂದಕ್ಕ ಮೊದಲ ಶುರು ಹಚ್ಚಿಕೊಂಡ್ಲು. "ಬರ್ರಿ ಅಮ್ಮಾ, ಕುಂಡ್ರಿ. ನಿಮ್ಮ ಸಂಕಟ ನನಗ ಅರ್ಥ ಆಗತೈತಿ. ನಿಮ್ಮ ಮಗಗ ರಕ್ತದೊತ್ತಡ ಇಷ್ಟೈತಿ, ನಾಡಿ ಇಷ್ಟೈತಿ, ಕೊಟ್ಟ ಔಷಧ ಇಂಥಿಂಥಾವು" ಅಂತ ಒಂದ ಉಸುರಿನ್ಯಾಗ ಹೇಳಿ ಮುಗಿಸಿದ್ಲು. ತಪ್ಪು ಒಂದೂ ಇಲ್ಲ. ಎದಿಬಡಿತಾನೂ ಚಲೋ ಇತ್ತು. ಅಕೀಲ ಹೆಬ್ಬಟ್ಟು ಎತ್ತಿ ತೋರಿಸಿದ.

ನಾ ಪೆನ್ನು ಹಿಡದು ಕುಂತೆ. ಕೈ "ಹೌದು" ಕಡೆ ಹೋಗಾಕತ್ತಿತ್ತು. ಆದ್ರ ದಾನಮ್ಮ ಎರಡು ಸಲ "ನನ್ನ ಮಗ ಉಳೀತಾನೇನವಾ?" ಅಂದಿದ್ಲು, ಆಕಿ ಕೇಳಿಸಿಕೊಂಡಿರಲಿಲ್ಲ. ಹೇಳೂದರ ಕಡೆನ ಗಮನ. ಸಾಲಿ ಇನ್ಸ್‌ಪೆಕ್ಟರ್ ಬಂದಾಗ ಹುಡುಗ್ರು ಬಾಯಿಪಾಠ ಒಪ್ಪಿಸ್ತಾರಲ್ಲ, ಹಂಗ.

ಇಲ್ಲ ಅಂತ ಬರದೆ. ಬರದು ಬಚ್ಚಲಕ್ಕ ಹೋಗಿ ಮಾರಿ ತೊಳಕೊಂಡು ಬಂದೆ.

ಸಂಜಿಗೆ ಆಕಿ ಚಪ್ಪಲಿ ಒಗದ ಸಪ್ಪಳಕ್ಕ ಇವರು ಕುರ್ಚಿಂದ ಎದ್ದು ನಿಂತ್ರು. "ಎಲ್ಲಾ ಸರಿ ಮಾಡೇನಿ! ಎಲ್ಲಾ! ಆದ್ರೂ ಇಲ್ಲ ಅಂದಾಳ ಆ ಮುದುಕಿ! ಆಕಿಗೆ ನನ್ನ ಕಂಡ್ರ ಆಗೂದಿಲ್ಲ. ನಾ ಆಕಿಗೆ ಏನ್ ಮಾಡೇನವ್ವಾ?"

"ಕೇಳಿಸಿಕೊಂಡಿಯೇನು ಆಕಿ ಮಾತು?" ಅಂದೆ.

"ಆಕಿ ಬರೇ ಬೈತಾಳ. ಅದರಾಗ ಕೇಳೂದೇನೈತಿ?"

ನಾ ಒಗ್ಗರಣಿ ಹಾಕಾಕ ಒಳಗ ಹೋದೆ. ಹೆಚ್ಚು ಅಂದ್ರ ಸಿಕ್ಕಿ ಬೀಳ್ತಿದ್ದೆ.

೧೫ ಸೆಪ್ಟೆಂಬರ್, ಸೋಮವಾರ

ನಾಳೆ ಐದನೇದ್ದು. ಪದ್ಮಜಾ ನಮ್ಮ ಕಟ್ಟಿ ಮ್ಯಾಲೆ ಕುಂತು ಹೇಳಿದ್ಲು, "ನಾಳಿಂದು ಕಠಿಣ ಅದ. ದಾನಮ್ಮನ ಮಗ ಹೋಗ್ತಾನ. ಹಾವು ಕಡದು ತಡಾಗಿ ಬಂದಿರ್ತಾರ, ಯಾರಿಂದಲೂ ಉಳಿಸಲಿಕ್ಕೆ ಆಗೂದಿಲ್ಲ. ಅದನ್ನ ಶೀಲಾ ನಿಮಗ ಹೇಳಬೇಕು. ಹೇಳಿದ ಮ್ಯಾಲೆ ಹತ್ತು ನಿಮಿಷ ನೀವು ಬಿಡದ ಬೈಬೇಕು." ಆಮ್ಯಾಲೆ ಅಂದ್ಲು, "ನಾಳೆ ಒಂದು ದಿನ ನಾ ಕುಂಡ್ರಲೇನು ನಿಮ್ಮ ಜಾಗಾದಾಗ? ಇಲ್ಲ ಅಂತ ಬರಿಯೂ ಪಾಳಿ ಬಂದ್ರ ನಿಮ್ಮ ಕೈಲೆ ಆಗೂದಿಲ್ಲ."

ನನಗೂ ಆಸೆ ಆತು. ಪದ್ಮಜಾ ಮೆತ್ತನ ಮನಷ್ಯಾಳು, ಬೈಯೂದೂ ಮೆತ್ತಗ ಬೈತಾಳ, ಹೌದು ಅಂತ ಬರದುಬಿಡ್ತಾಳ. ಮಗಳು ಉಳೀತಾಳ.

"ಬ್ಯಾಡ್ರಿ" ಅಂದೆ. "ದಾನಮ್ಮನ ಮಗ ಹೋಗೂ ದಿನ ದಾನಮ್ಮ ಇರಬೇಕಲ್ರಿ."

ಶೀಲಾ ಇವತ್ತು ಸರಿಯಾಗಿ ಉಣ್ಣಲಿಲ್ಲ. ನಾನೂ ಉಣ್ಣಲಿಲ್ಲ. ಇವರು ಇಬ್ಬರಿಗೂ ಮಜ್ಜಿಗಿ ಮಾಡಿ ತಂದು ಕೊಟ್ಟು, ಇಂಗು ಸ್ವಲ್ಪ ಜಾಸ್ತಿ ಆಗೈತಿ ನೋಡ್ರಿ ಅಂದ್ರು. ಬಿಪಿ ತೋರಿಸೇವಿ, ಬರೋಬ್ಬರಿ ಐತಿ. ಮತ್ತೇನಾಗೈತಿ ಇವರಿಗೆ ತಿಳೀವಲ್ದು.

೧೬ ಸೆಪ್ಟೆಂಬರ್, ಮಂಗಳವಾರ

ಎಲ್ಲಾ ಇದ್ದದ್ದಿದ್ದಂಗ ಬರೀತೇನಿ.

ಹನ್ನೊಂದಕ್ಕ ಶುರುವಾತು. ಪರದೆ ಮ್ಯಾಲೆ ದವಾಖಾನಿ ಕಟ್ಟಿಗಿ ಬೆಂಚು, ಅದರ ಬಾಜೂಕ ದಾನಮ್ಮ ನಿಂತಾಳ. ಶೀಲಾ ಒಳಗಿಂದ ಬಂದ್ಲು. ಮೊದಲಿನಂಗ ಗಡಿಬಿಡಿ ಮಾಡಲಿಲ್ಲ. "ದಾನಮ್ಮಾರ, ಕುಂಡ್ರಿ" ಅಂದ್ಲು. ದಾನಮ್ಮ ಕುಂಡ್ರಲಿಲ್ಲ. ನಾ ಒದರಾಕ ಶುರು ಮಾಡಿದೆ, ಎಲ್ಲಿ ನನ್ನ ಮಗ, ಯಾಕ ಬಾಗಲಾ ಹಾಕೀರಿ, ಯಾರ ಮಗಳು ನೀ, ಎಲ್ಲಾ ಅಂದೆ. ಆಕಿ ನಡುವ ಬಾಯಿ ಹಾಕಲಿಲ್ಲ. ನಾ ಉಸುರು ತಗೊಳ್ಳೂದನ್ನ ಕಾದು ಅಂದ್ಲು,

"ನಿಮ್ಮ ಮಗ ಹೋದ್ರಿ ದಾನಮ್ಮಾರ. ಭಾಳ ಪ್ರಯತ್ನ ಮಾಡಿದ್ವಿ. ಉಳೀಲಿಲ್ಲ."

ಹಿಂದಿನ ಸಲದಂಗ ಔಷಧದ ಹೆಸರು ಹೇಳಲಿಲ್ಲ. ಅಷ್ಟ ಹೇಳಿ ನಿಂತ್ಲು.

ನಾ ಬೈದೆ. ಹತ್ತು ನಿಮಿಷದ್ದು ಬರಕೊಂಡು ಹೋಗಿದ್ದೆ. ಕೊಂದ್ರಿ ನನ್ನ ಮಗನ್ನ, ನಿಮ್ಮ ಕೈ ಸೇದಿ ಹೋಗ್ಲಿ, ನಿನಗ ಡಾಕ್ಟರ್ ಅಂತ ಯಾರು ಅಂದ್ರು. ಕಡೀಕ "ನಡಿ ಇಲ್ಲಿಂದ, ಮಾರಿ ತೋರಿಸಬ್ಯಾಡ" ಅಂದೆ.

ಆಕಿ ಬೆಂಚಿನ ಮುಂದ ನೆಲದ ಮ್ಯಾಲೆ ಕುಂತ್ಲು. ಯಂತ್ರದಾಗಿನ ನೆಲ ಅಲ್ಲ, ಬಾಜೂ ಕೋಣ್ಯಾಗಿನ ಖರೇ ನೆಲದ ಮ್ಯಾಲೆ ಚಕ್ಕಳಬಕ್ಕಳ ಹಾಕ್ಕೊಂಡು ಕುಂತಿದ್ಲಂತ, ಆಮ್ಯಾಲೆ ಅಕೀಲ ಹೇಳಿದ. "ಹೋಗೂದಿಲ್ರಿ. ನೀವು ಬೈರಿ, ನಾ ಇಲ್ಲೇ ಇರ್ತೇನಿ" ಅಂದ್ಲು. ಎದಿಬಡಿತದ ಗೆರಿ ಗುಡ್ಡನ ಇತ್ತು, ಅಂಜಿಕಿ ಎಳ್ಳಷ್ಟೂ ಕಡಿಮಿ ಆಗಿರಲಿಲ್ಲ. ಅಂಜಿಕೋತನ ಕುಂತಿದ್ಲು ನನ್ನ ಮಗಳು. ಸ್ವಲ್ಪ ಹೊತ್ತಾದ ಮ್ಯಾಲೆ ಕೇಳಿದ್ಲು, "ಹೆಸರೇನ್ರಿ ಮಗಂದು?"

ಇನ್ನ ಐದು ನಿಮಿಷದ ಬೈಗುಳ ಉಳದಿತ್ತು. ಕಾಗದ ಕೈಯಾಗ ಇತ್ತು. ನನ್ನ ಬಾಯಿಂದ ಒಂದು ಮಾತು ಹೊಂಡಲಿಲ್ಲ. ಮಗನ ಹೆಸರು ನಾವು ಯಾರೂ ಇಟ್ಟಿರಲಿಲ್ಲ, ಯಾವ ಡಾಕ್ಟರೂ ಇಲ್ಲಿ ತನಕ ಕೇಳಿರಲಿಲ್ಲ. ನಾ ಗಳಗಳ ಅತ್ತೆ. ಕಂಪ್ಯೂಟರ್ ಅದನ್ನೂ ಮುದುಕಿ ಅಳು ಮಾಡಿ ಆಕಿಗೆ ಕೇಳಿಸ್ತು. ಅಕೀಲ ಮೈಕ್ ಕೆಟ್ಟೈತಿ ಅಂತ ವೈರ್ ಜಗ್ಗಿ ನೋಡಾಕತ್ತಿದ್ದ.

ಕಾಗದ ತುಂಬಿದೆ. "ಹೌದು."

ಅಕ್ಷರ ಸೊಟ್ಟ ಬಂತು, ಮ್ಯಾಲೆ ಇನ್ನೊಮ್ಮೆ ತಿದ್ದಿದೆ.

ಆಕಿ ದಾನಮ್ಮನ್ನ ನೋಡಬೇಕು ಅಂತ ಈ ಕೋಣಿ ಬಾಗಲಾ ಬಡಿಯಾಕತ್ತಿದ್ಲು. ನಾ ಚಪ್ಪಲಿ ಕೈಯಾಗ ಹಿಡಕೊಂಡು ಹಿಂದಿನ ಪಾವಟಿಗಿಲೆ ಇಳದು ರಿಕ್ಷಾ ಹಿಡದೆ.

ಸಂಜಿ ಆರಕ್ಕ ಬಂದ್ಲು. ಪಾಸ್ ಅಂತ ಹೇಳ್ಯಾರಂತ, ಸೋಮವಾರದಿಂದ ತುರ್ತು ವಿಭಾಗದಾಗ ಪಾಳಿ. ಕುಣ್ಯಾಡ್ತಾಳ ಅಂತ ಮಾಡಿದ್ದೆ. ಆಕಿ ಅಡಗಿ ಮನಿ ಬಾಗಲದಾಗ ನಿಂತು, "ಅವ್ವಾ, ಆ ಮುದುಕಿ ಅತ್ಲು" ಅಂದ್ಲು.

"ನಾಟಕ ಇರಬೇಕು ತಗೋ."

"ನಾಟಕ ಅಲ್ಲ. ಕೇಳಿದಾಕಿ ನಾ. ಖರೇನ ಯಾರನ್ನೋ ಕಳಕೊಂಡಾಳ ಆಕಿ. ಪದ್ಮಜಾ ಮೇಡಮ್ ವಿಳಾಸ ಕೊಡವಲ್ರು. ಮನ್ಯಾಗ ಒಬ್ಬಾಕಿನ ಇದ್ರ? ಉಂಡಾಳೋ ಇಲ್ಲೋ. ನಾ ಈಗ ಹೋಗಿ ಹುಡುಕ್ತೇನಿ."

ನಾ ರೊಟ್ಟಿ ಬಡಿಯಾಕತ್ತಿದ್ದೆ. ಇಕಿ ಹೊಳ್ಳಿ ಹೊಂಟೇ ಬಿಟ್ಲು. "ಏ, ಎಲ್ಲಿಗೆ ಹೊಂಟಿ? ಹೊತ್ತು ಮುಣಗಾಕ ಬಂದೈತಿ, ಹೊಟ್ಟಿಗೆ ಕೂಳಿಲ್ಲ, ಕುಂಡ್ರು ಮೊದಲ!" ಅಂದೆ. ದನಿ ಬದಲಿಸೂ ಕಂಪ್ಯೂಟರ್ ಇರಲಿಲ್ಲ. ಆದ್ರ ಧಾಟಿ ದಾನಮ್ಮಂದ. ಆಡಿದ ಮ್ಯಾಲೆ ನನಗ ಗೊತ್ತಾತು.

ಶೀಲಾ ಹೊಳ್ಳಿ ನಿಂತ್ಲು. ಹಂಚಿನ ಮ್ಯಾಲಿನ ರೊಟ್ಟಿ ಕರ್ರಗ ಆತು, ಇಬ್ರೂ ತಗೀಲಿಲ್ಲ.

"ನಾಕು ಸಲ ಇಲ್ಲ ಅಂತ ಬರದಾಕಿ ನೀನ?"

"ಹೂಂ."

"ಮಗಳು ಅಂತ ಗೊತ್ತಿದ್ದೂ?"

"ಹೂಂ."

"ಖರೇನ ಇಲ್ಲ ಅನಿಸಿತ್ತೇನು ನಿಂಗ?"

ಸುಳ್ಳು ಹೇಳಬಹುದಿತ್ತು. ಯಂತ್ರದ ನಿಯಮ, ಪದ್ಮಜಾ ಹಂಗ ಬರಿ ಅಂದಿದ್ಲು, ಏನರ ಅನ್ನಬಹುದಿತ್ತು. "ಖರೇನ ಅನಿಸಿತ್ತು, ನಾಕೂ ಸಲ" ಅಂದೆ.

ಆಕಿ ಮಾರಿ ಕೆಂಪಾತು. ತಾಟು ಎತ್ತಿ ಒಗೀತಾಳೇನೋ ಅನಕೊಂಡೆ. ಅಳತಾಳೇನೋ ಅನಕೊಂಡೆ.

"ಹಂಗಾದ್ರ ಇವತ್ತಿಂದೂ ಖರೆ" ಅಂದ್ಲು.

"ಖರೆ ನನ್ನವ್ವಾ, ಖರೆ."

ಆಮ್ಯಾಲೆ ಇಬ್ರೂ ಒಬ್ಬರನ್ನೊಬ್ಬರು ಹಿಡಕೊಂಡು ದೊಡ್ಡ ದನಿ ತಗದು ಅತ್ವಿ. ಓಣಿಗೆ ಕೇಳೂವಂಗ ಅತ್ವಿ. ಇವರು ಪಡಸಾಲಿಯಿಂದ ಓಡಿ ಬಂದ್ರು, ಮಾರಿ ಬೆಳ್ಳಗಾಗಿತ್ತು. "ಏನಾತು? ಯಾರು ಹೋದ್ರು? ಯಾರಿಗೇನಾತು? ಮಾತಾಡ್ರಿ!" ಅಂತ ಒದರಾಕತ್ರು. ಹೊಗಿ ತುಂಬಿದ ಅಡಗಿ ಮನ್ಯಾಗ ಅವರ ದನಿ ಇನ್ನೂ ಏರಾಕತ್ತಿತ್ತು.

ಶೀಲಾ ಕಣ್ಣು ಒರಸಿಕೊಂಡ್ಲು. ಗ್ಯಾಸ್ ಬಂದ್ ಮಾಡಿದ್ಲು. ಅವರಪ್ಪನ ಕೈ ಹಿಡದು, ಮಾರಿ ನೋಡಿ, "ಅಪ್ಪಾ, ಯಾರಿಗೂ ಏನೂ ಆಗಿಲ್ಲ. ಇಲ್ಲಿ ಕುಂಡ್ರು. ನಾ ಹೇಳ್ತೇನಿ" ಅಂದ್ಲು.

ಇವರು ಕುಂತ್ರು.